ಬಲ್ಬಿನ ಗ್ರಾಫ್ ಏಕೆ ಬಾಗಿತು? ನಾಲ್ಕು ಸೆಲ್ಲಿಗೆ 6 ವೋಲ್ಟ್ ಏಕೆ ಬರಲಿಲ್ಲ?

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ ವಿದ್ಯಾರ್ಥಿನಿ. ಓಮನ ನಿಯಮದ ಪ್ರಯೋಗಕ್ಕೆ ನಿಕ್ರೋಮ್ (ನಿಕ್ಕಲ್-ಕ್ರೋಮಿಯಂ ಮಿಶ್ರಲೋಹ) ತಂತಿ ಸಿಗಲಿಲ್ಲ. ಅದರ ಬದಲು 6 ವೋಲ್ಟ್, 0.3 ಆಂಪಿಯರ್ ಎಂದು ಬರೆದಿದ್ದ ಚಿಕ್ಕ ಬಲ್ಬ್ ಹಾಕಿದೆವು. ಒಂದೊಂದೇ ಸೆಲ್ ಸೇರಿಸುತ್ತ ಹೋದಾಗ ಬಲ್ಬಿನ ತುದಿಗಳ ನಡುವೆ 1.4, 2.7, 3.9, 5.1 ವೋಲ್ಟ್ ಬಂತು. ಅಮ್ಮೀಟರಿನಲ್ಲಿ 0.14, 0.19, 0.24, 0.27 ಆಂಪಿಯರ್. ಭಾಗಿಸಿದರೆ ರೋಧ 10, 14, 16, 19 ಓಮ್ ಆಗುತ್ತದೆ. ಗ್ರಾಫ್ ನೇರ ಗೆರೆಯಾಗದೆ ಬಾಗಿತು. ಇನ್ನೊಂದು ವಿಷಯ: ಸ್ವಿಚ್ ಹಾಕುವ ಮೊದಲು ನಾಲ್ಕು ಸೆಲ್ಲಿನ ಸಾಲಿಗೆ ವೋಲ್ಟ್‌ಮೀಟರ್ ಹಿಡಿದರೆ 6 ತೋರಿಸುತ್ತಿತ್ತು. ಸ್ವಿಚ್ ಹಾಕಿದ ಮೇಲೆ ಬಲ್ಬಿಗೆ ಸಿಕ್ಕಿದ್ದು 5.1 ಮಾತ್ರ. ಮಿಕ್ಕ 0.9 ವೋಲ್ಟ್ ಎಲ್ಲಿ ಹೋಯಿತು? ರೀಡಿಂಗ್ ತಪ್ಪಾಗಿದೆ, ತಿದ್ದಿ ಬರೆ ಎಂದು ಗೆಳತಿಯರು ಹೇಳುತ್ತಿದ್ದಾರೆ.

ಉತ್ತರ: ತಿದ್ದಬೇಡಿ. ನಿಮ್ಮ ನಾಲ್ಕೂ ರೀಡಿಂಗ್ ಸರಿಯಾಗಿವೆ. ಸರಿಯಾಗಿರುವುದರಿಂದಲೇ ನಿಮಗೆ ಈ ಎರಡು ಪ್ರಶ್ನೆಗಳು ಬಂದವು. 6 ವೋಲ್ಟ್ ಬರಲೇಬೇಕು ಎಂದು ಮೊದಲೇ ಬರೆದುಕೊಂಡವರಿಗೆ ಇವು ಹುಟ್ಟುವುದೇ ಇಲ್ಲ.

ಮೊದಲು ಅನುಮಾನದ ಲೆಕ್ಕ ಮುಗಿಸೋಣ. ಶಾಲೆಯ ವೋಲ್ಟ್‌ಮೀಟರಿನಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ಗೆರೆಗೆ 0.2 ವೋಲ್ಟ್, ಅಮ್ಮೀಟರಿನಲ್ಲಿ 0.01 ಆಂಪಿಯರ್. ಅರ್ಧ ಗೆರೆಯಷ್ಟು ಹೆಚ್ಚುಕಮ್ಮಿ ಓದಿರಬಹುದು ಎಂದುಕೊಳ್ಳಿ, ಅಂದರೆ 0.1 ವೋಲ್ಟ್ ಮತ್ತು 0.005 ಆಂಪಿಯರ್. ಮೊದಲ ರೀಡಿಂಗಿನಲ್ಲಿ 1.4ಕ್ಕೆ 0.1 ಎಂದರೆ ಶೇಕಡಾ 7, 0.14ಕ್ಕೆ 0.005 ಎಂದರೆ ಶೇಕಡಾ 4ರ ಹತ್ತಿರ. ಎರಡೂ ಸೇರಿ ಶೇಕಡಾ 11. ಹಾಗಾಗಿ ನಿಮ್ಮ 10 ಓಮ್ ನಿಜವಾಗಿ 9ರಿಂದ 11ರೊಳಗೆ ಎಲ್ಲಾದರೂ ಇರಬಹುದು. ಕೊನೆಯ ರೀಡಿಂಗಿನಲ್ಲಿ ಇದೇ ಲೆಕ್ಕಕ್ಕೆ ಶೇಕಡಾ 4 ಬರುತ್ತದೆ. 19 ಓಮ್ ಎಂಬುದು 18ರಿಂದ 20ರೊಳಗೆ. ಎಷ್ಟೇ ಧಾರಾಳವಾಗಿ ತಪ್ಪು ಹಿಡಿದರೂ 11 ಮತ್ತು 18 ಒಂದಕ್ಕೊಂದು ಸೇರುವುದಿಲ್ಲ. ಬಲ್ಬಿನ ರೋಧ ನಿಜವಾಗಿಯೂ ಹೆಚ್ಚಿದೆ. ರೀಡಿಂಗ್ ಮೇಲೆ ಅನುಮಾನ ಬಂದಾಗಲೆಲ್ಲ ರಬ್ಬರ್ ಹುಡುಕುವ ಮೊದಲು ಈ ಲೆಕ್ಕ ಮಾಡಿ. ಎರಡು ನಿಮಿಷದ ಕೆಲಸ.

ಹೆಚ್ಚಿದ್ದು ಏಕೆ? ಒಂದು ಸೆಲ್ ಇದ್ದಾಗ ಬಲ್ಬಿನ ತಂತು ಬೂದಿ ಮುಚ್ಚಿದ ಕೆಂಡದಂತೆ ಮಂದ ಕೆಂಪಾಗಿದ್ದುದನ್ನು ನೀವು ನೋಡಿರುತ್ತೀರಿ. ನಾಲ್ಕು ಸೆಲ್ ಹಾಕಿದಾಗ ಅದು ಹಳದಿ ಬಿಳುಪಿಗೆ ತಿರುಗಿರುತ್ತದೆ. ವಿಭವಾಂತರವನ್ನೂ ಪ್ರವಾಹವನ್ನೂ ಗುಣಿಸಿ: ಮೊದಲನೆಯದರಲ್ಲಿ 0.2 ವ್ಯಾಟ್, ಕೊನೆಯದರಲ್ಲಿ ಸುಮಾರು 1.4 ವ್ಯಾಟ್. ಅದೇ ಕೂದಲೆಳೆಯಂಥ ಟಂಗ್‌ಸ್ಟನ್ ತಂತಿಗೆ ಏಳು ಪಟ್ಟು ಶಾಖ. ಕಾದ ಲೋಹದಲ್ಲಿ ಪರಮಾಣುಗಳು ಇದ್ದಲ್ಲೇ ಜೋರಾಗಿ ನಡುಗುತ್ತವೆ, ಇಲೆಕ್ಟ್ರಾನುಗಳು ಹೆಜ್ಜೆಹೆಜ್ಜೆಗೂ ಅಡ್ಡಿ ಎದುರಿಸುತ್ತವೆ. ಹಾಗಾಗಿ ರೋಧ ಏರುತ್ತದೆ. ಟಂಗ್‌ಸ್ಟನ್ನಿನ ರೋಧ ಕೋಣೆಯ ಬಿಸಿಯ ಆಸುಪಾಸಿನಲ್ಲಿ ಒಂದೊಂದು ಡಿಗ್ರಿಗೂ ಶೇಕಡಾ 0.45ರಷ್ಟು ಏರುತ್ತದೆ. ಕೇಳಲು ಇದು ಚಿಲ್ಲರೆ. ಆದರೆ ಉರಿಯುವ ತಂತುವಿನ ಬಿಸಿ ಒಂದೂವರೆ ಸಾವಿರ ಡಿಗ್ರಿಯನ್ನೂ ದಾಟುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಬಲ್ಬನ್ನು ಹೋಲ್ಡರಿನಿಂದ ಬಿಚ್ಚಿ, ಪೂರ್ತಿ ತಣ್ಣಗಾದ ಮೇಲೆ ಡಿಜಿಟಲ್ ಮಲ್ಟಿಮೀಟರನ್ನು 200 ಓಮಿನ ಮನೆಗೆ ತಿರುಗಿಸಿ ಅಳೆಯಿರಿ. ಮೊದಲು ಎರಡು ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಿ ಎಷ್ಟು ತೋರಿಸುತ್ತದೆ ನೋಡಿ, ಅದು ವೈರಿನದೇ ರೋಧ; ಅದನ್ನು ಕಳೆಯಿರಿ. ಇಂಥ ಬಲ್ಬಿಗೆ 2 ಓಮಿನ ಆಸುಪಾಸು ಬರುತ್ತದೆ. ಉರಿಯುವಾಗ 19 ಇದ್ದದ್ದು ಆರಿದಾಗ 2. ಮನೆಯ 60 ವ್ಯಾಟಿನ ಹಳೆಯ ಬಲ್ಬಿನದೂ ಇದೇ ಕಥೆ: 230ರ ವರ್ಗವನ್ನು 60ರಿಂದ ಭಾಗಿಸಿದರೆ 880 ಓಮ್, ಮಲ್ಟಿಮೀಟರಿನಲ್ಲಿ ತಣ್ಣಗಿದ್ದಾಗ 60-70 ಮಾತ್ರ. ಅಂಥ ಬಲ್ಬುಗಳು ಉರಿಯುತ್ತಿರುವಾಗ ಹೋಗುವುದಕ್ಕಿಂತ ಸ್ವಿಚ್ ಹಾಕಿದ ಕ್ಷಣದಲ್ಲಿ ಟಪ್ಪೆಂದು ಹೋಗುವುದೇ ಹೆಚ್ಚು ಎನ್ನುವುದಕ್ಕೆ ಕಾರಣವೂ ಇದೇ. ತಣ್ಣಗಿನ ತಂತು ಆ ಒಂದು ಕ್ಷಣ ಹತ್ತು ಪಟ್ಟಿಗೂ ಮಿಕ್ಕಿ ಪ್ರವಾಹ ಎಳೆಯುತ್ತದೆ. ಎಲ್ಲಿ ತೆಳುವಾಗಿದೆಯೋ ಅಲ್ಲಿ ಕಡಿಯುತ್ತದೆ. ಮನೆಯ ಬಲ್ಬನ್ನು ಅಳೆಯುವುದಾದರೆ ಕಳಚಿ ಕೈಯಲ್ಲಿಟ್ಟುಕೊಂಡೇ ಅಳೆಯಿರಿ. ಹೋಲ್ಡರಿಗೆ, ಪ್ಲಗ್ಗಿಗೆ ಯಾವ ಕಾರಣಕ್ಕೂ ಮೊನೆ ಹಾಕಬೇಡಿ.

ಹಾಗಾದರೆ ಓಮನ ನಿಯಮ ಬಲ್ಬಿನ ಹತ್ತಿರ ಸೋತಿತೇ? ಇಲ್ಲಿ ಎರಡು ಮಾತು ಕಲಸಿಹೋಗಿವೆ. ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದರೆ ಬರುವುದು ರೋಧ, ಇದು ವ್ಯಾಖ್ಯೆ. ಎಲ್ಲ ವಸ್ತುವಿಗೂ ಎಲ್ಲ ಕ್ಷಣಕ್ಕೂ ಸಲ್ಲುತ್ತದೆ. ನಿಮ್ಮ ಬಲ್ಬಿಗೂ ಸಂದಿದೆ, ನಾಲ್ಕು ಬೆಲೆ ಸಿಕ್ಕಿವೆ. ಓಮನ ನಿಯಮ ಹೇಳುವುದು ಬೇರೆ: ತಾಪ ಮೊದಲಾದ ಭೌತ ಸ್ಥಿತಿ ಬದಲಾಗದಿದ್ದರೆ ಆ ಭಾಗಲಬ್ಧ ಸ್ಥಿರವಾಗಿರುತ್ತದೆ. ಪರೀಕ್ಷೆಯಲ್ಲಿ ‘ತಾಪ ಸ್ಥಿರವಾಗಿದ್ದಾಗ’ ಎಂಬ ಪದಗಳನ್ನು ಬಿಟ್ಟರೆ ಅಂಕ ಹೋಗುತ್ತದೆ ಎಂದಷ್ಟೇ ಮಕ್ಕಳಿಗೆ ಗೊತ್ತಿರುತ್ತದೆ. ನಿಮ್ಮ ಬಾಗಿದ ಗ್ರಾಫ್ ಆ ಪದಗಳಿಲ್ಲದಿದ್ದರೆ ಏನಾಗುತ್ತದೆ ಎನ್ನುವುದರ ಚಿತ್ರ. ತಂತುವಿನ ಬಿಸಿಯನ್ನು ಹೇಗಾದರೂ ಒಂದೇ ಮಟ್ಟದಲ್ಲಿ ಹಿಡಿದಿಟ್ಟರೆ ಟಂಗ್‌ಸ್ಟನ್ ಕೂಡ ನಿಯಮ ಪಾಲಿಸುತ್ತದೆ.

ಈಗ ಕಾಣೆಯಾದ 0.9 ವೋಲ್ಟ್. ಅದು ಸೆಲ್ಲಿನ ಹೊಟ್ಟೆಯಲ್ಲೇ ಖರ್ಚಾಯಿತು. ಪ್ರವಾಹ ಹೊರಗಿನ ವೈರಿನಲ್ಲಿ ಮಾತ್ರ ಹರಿಯುವುದಿಲ್ಲ, ಸುತ್ತು ಪೂರ್ತಿಯಾಗಬೇಕಾದರೆ ಸೆಲ್ಲಿನೊಳಗಿನ ರಾಸಾಯನಿಕ ಕಣಕವನ್ನೂ ದಾಟಬೇಕು. ಅಲ್ಲೂ ರೋಧವಿದೆ, ಅದನ್ನೇ ಆಂತರಿಕ ರೋಧ ಎನ್ನುವುದು. ಸ್ವಿಚ್ ಹಾಕುವ ಮೊದಲು ಹರಿಯುತ್ತಿದ್ದುದು ವೋಲ್ಟ್‌ಮೀಟರಿನ ಅತ್ಯಲ್ಪ ಪ್ರವಾಹ ಮಾತ್ರ. ಒಳಗಿನ ನಷ್ಟ ಸೊನ್ನೆಯ ಹತ್ತಿರ, ಅದಕ್ಕೆ 6 ಕಂಡಿತು. ಸ್ವಿಚ್ ಹಾಕಿದ ಮೇಲೆ 0.27 ಆಂಪಿಯರ್ ಹರಿಯಿತು. 0.9ನ್ನು 0.27ರಿಂದ ಭಾಗಿಸಿ: 3.3 ಓಮ್. ನಾಲ್ಕು ಸೆಲ್ಲಿಗೆ ಹಂಚಿದರೆ ತಲಾ 0.83.

ಇದು ಊಹೆಯೋ ನಿಜವೋ ಎಂದು ನಿಮ್ಮದೇ ಉಳಿದ ಅಂಕಿಗಳಿಂದ ಪರೀಕ್ಷಿಸಬಹುದು. ಮೂರು ಸೆಲ್ಲಿನಲ್ಲಿ 4.5 ಇರಬೇಕಿತ್ತು, ಬಂದದ್ದು 3.9, ಕೊರತೆ 0.6, ಅದನ್ನು 0.24ರಿಂದ ಭಾಗಿಸಿದರೆ 2.5 ಓಮ್, ಸೆಲ್ಲಿಗೆ 0.83. ಎರಡರಲ್ಲಿ ಕೊರತೆ 0.3, ಸೆಲ್ಲಿಗೆ 0.79. ಒಂದರಲ್ಲಿ ಕೊರತೆ 0.1, ಅಂದರೆ 0.71, ಆದರೆ 0.1 ವೋಲ್ಟನ್ನೇ ಆ ಮೀಟರಿನಲ್ಲಿ ನೆಚ್ಚಿ ಓದಲಾಗದು, ಆದ್ದರಿಂದ ಇದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ನಾಲ್ಕೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ತಪ್ಪು ಓದಿದ ಅಂಕಿಗಳು ಹೀಗೆ ಪರಸ್ಪರ ಸಾಕ್ಷಿ ಹೇಳುವುದಿಲ್ಲ.

ಒಂದು ತಿದ್ದುಪಡಿ ಮಾತ್ರ ಬೇಕು. ನೀವು 5.1 ಓದಿದ್ದು ಬಲ್ಬಿನ ತುದಿಯಲ್ಲಿ. ಅದರಿಂದ ಅಮ್ಮೀಟರ್, ಪ್ಲಗ್ ಕೀ (ನಿಮ್ಮ ಸ್ವಿಚ್), ಸೆಲ್ ಹೋಲ್ಡರಿನ ಸ್ಪ್ರಿಂಗ್ ಇವೆಲ್ಲ ತಿಂದದ್ದೂ ಆ 0.9ರಲ್ಲೇ ಸೇರಿದೆ. ಬೇರ್ಪಡಿಸಬೇಕಾದರೆ ಬಲ್ಬ್ ಉರಿಯುತ್ತಿರುವಾಗಲೇ ವೋಲ್ಟ್‌ಮೀಟರನ್ನು ಸೆಲ್ ಸಾಲಿನ ಎರಡು ತುದಿಗೆ ಹಿಡಿದು ಓದಿ. ಅಲ್ಲಿ 5.4 ಬಂದರೆ ಸೆಲ್ಲಿನೊಳಗೆ ಹೋದದ್ದು 0.6, ದಾರಿಯಲ್ಲಿ ಹೋದದ್ದು 0.3. ಹೊಸ ಸೆಲ್ ಹಾಕಿಯೂ ದಾರಿಯ ನಷ್ಟ ದೊಡ್ಡದಾಗಿದ್ದರೆ ಎಲ್ಲೋ ತುಕ್ಕು ಇದೆ. ಹೋಲ್ಡರಿನ ಸ್ಪ್ರಿಂಗನ್ನು ಮರಳು ಕಾಗದದಿಂದ ಉಜ್ಜಿ ಮತ್ತೆ ನೋಡಿ.

ಆಂತರಿಕ ರೋಧವನ್ನು ನೀವು ಮನೆಯಲ್ಲಿ ದಿನವೂ ನೋಡುತ್ತೀರಿ, ಹೆಸರು ಗೊತ್ತಿರುವುದಿಲ್ಲ ಅಷ್ಟೆ. ಟಾರ್ಚಿನಲ್ಲಿ ಮಂಕಾದ ಸೆಲ್ಲನ್ನು ತೆಗೆದು ಗೋಡೆ ಗಡಿಯಾರಕ್ಕೆ ಹಾಕಿದರೆ ತಿಂಗಳುಗಟ್ಟಲೆ ನಡೆಯುತ್ತದೆ. ಸೆಲ್ ಹಳತಾದಂತೆ ಒಳಗಿನ ರೋಧ ಏರುತ್ತದೆ. ಟಾರ್ಚಿಗೆ ಬೇಕಾದ ಪ್ರವಾಹ ಹರಿಸಲು ಹೋದರೆ ವೋಲ್ಟೇಜೆಲ್ಲ ಒಳಗೇ ಕರಗುತ್ತದೆ. ಗಡಿಯಾರ ಎಳೆಯುವುದು ಅತ್ಯಲ್ಪ, ಅದಕ್ಕೆ ಏನೂ ತಟ್ಟುವುದಿಲ್ಲ. ಬರೀ ವೋಲ್ಟ್‌ಮೀಟರ್ ಹಿಡಿದು ‘1.4 ಇದೆ, ಸೆಲ್ ಚೆನ್ನಾಗಿದೆ’ ಎನ್ನುವುದು ಮೋಸ. ಬಲ್ಬ್ ಉರಿಸುತ್ತ ಅಳೆದರೆ ಮಾತ್ರ ಸೆಲ್ಲಿನ ಯೋಗ್ಯತೆ ಗೊತ್ತಾಗುವುದು. ಹಳ್ಳಿಯಲ್ಲಿ ಪಕ್ಕದ ತೋಟದ ಪಂಪ್‌ಸೆಟ್ ಚಾಲೂ ಆದ ಕೂಡಲೆ ಮನೆಯ ಬಲ್ಬ್ ಮಂಕಾಗುವುದೂ ಇದೇ ಲೆಕ್ಕ, ಅಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಬರುವ ಉದ್ದನೆಯ ಲೈನು ಆಂತರಿಕ ರೋಧದ ಪಾತ್ರ ವಹಿಸುತ್ತದೆ. ಎಂಟು ಸೆಲ್ ಸೇರಿಸಿದರೆ 12 ವೋಲ್ಟ್ ಆಗುತ್ತದಲ್ಲ, ಬೈಕಿನ ಸೆಲ್ಫ್ ಯಾಕೆ ತಿರುಗುವುದಿಲ್ಲ ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ. ನಿಮ್ಮ ಒಂದು ಸೆಲ್ಲಿನ ತುದಿಗಳನ್ನು ನೇರ ಕೂಡಿಸಿದರೂ ಹರಿಯುವುದು 1.5 ಭಾಗಿಸು 0.83, ಅಂದರೆ 1.8 ಆಂಪಿಯರ್. ಎಂಟನ್ನು ಸರಣಿಯಲ್ಲಿ ಕಟ್ಟಿದರೆ ವೋಲ್ಟೂ ಎಂಟು ಪಟ್ಟು, ರೋಧವೂ ಎಂಟು ಪಟ್ಟು, ಮತ್ತೆ 1.8 ಆಂಪಿಯರೇ. ಸೆಲ್ಫ್ ಮೋಟರಿಗೆ ಹತ್ತಾರು ಆಂಪಿಯರ್ ಬೇಕು.

ಈ ತೊಂದರೆ ಓಮನಿಗೂ ಬಂದಿತ್ತು. ಗೇಯಾರ್ಗ್ ಸೈಮನ್ ಓಮ್ ಜರ್ಮನಿಯ ಕೊಲೋನ್ ನಗರದಲ್ಲಿ ಶಾಲಾ ಮೇಷ್ಟ್ರು. 1825ರಲ್ಲಿ ಅವನು ವೋಲ್ಟಾ ಮಾದರಿಯ ಬ್ಯಾಟರಿ ಇಟ್ಟುಕೊಂಡು ಮಾಡಿದ ಪ್ರಯೋಗದಿಂದ ಹೊರಬಿದ್ದದ್ದು ಲಾಗರಿತಮ್ಮಿನ ಒಂದು ಸೂತ್ರ, ಅದು ಸರಿಯಿರಲಿಲ್ಲ. ಆ ಬ್ಯಾಟರಿಗಳು ಜೋಡಿಸಿದ ಕ್ಷಣ ಪ್ರವಾಹವನ್ನು ಜೋರಾಗಿ ಹರಿಸಿ ಆಮೇಲೆ ಸೊರಗುತ್ತಿದ್ದವು. ಭೌತವಿಜ್ಞಾನ ಪತ್ರಿಕೆಯೊಂದರ ಸಂಪಾದಕ ಪೊಗೆನ್‌ಡಾರ್ಫ್ ಕೊಟ್ಟ ಸಲಹೆಯಂತೆ ಅವನು ಬ್ಯಾಟರಿಯನ್ನೇ ಬಿಟ್ಟು, ತಾಮ್ರ ಮತ್ತು ಬಿಸ್ಮತ್ ಬೆಸೆದ ಉಷ್ಣಯುಗ್ಮಕ್ಕೆ (ಎರಡು ಬೆಸುಗೆಗಳ ತಾಪದ ವ್ಯತ್ಯಾಸದಿಂದ ಪ್ರವಾಹ ಹರಿಸುವ ಸಾಧನ) ತಿರುಗಿದ. ಒಂದು ಬೆಸುಗೆ ಕುದಿಯುವ ನೀರಿನಲ್ಲಿ, ಇನ್ನೊಂದು ಕರಗುವ ಮಂಜಿನಲ್ಲಿ. ಎರಡೂ ತಾಪ ಸ್ಥಿರ, ಹಾಗಾಗಿ ಮೂಲವೂ ಸ್ಥಿರ. 1826ರಲ್ಲಿ ಅವನಿಗೆ ಸಿಕ್ಕ ಸೂತ್ರದ ಛೇದದಲ್ಲಿ ಎರಡು ಅಂಶಗಳಿದ್ದವು: ಪರೀಕ್ಷೆಗೆ ಹಾಕಿದ ತಂತಿಯ ಉದ್ದ ಒಂದು, ಮಂಡಲದ ಉಳಿದ ಭಾಗಕ್ಕೆ ಸೇರಿದ ಸ್ಥಿರಾಂಕ ಇನ್ನೊಂದು. ಆ ಸ್ಥಿರಾಂಕವೇ ನಿಮ್ಮ 3.3 ಓಮ್. 1827ರಲ್ಲಿ ಅವನು ಪೂರ್ತಿ ಗ್ರಂಥ ಬರೆದ. ಶಾಲೆಯ ಸೂತ್ರದಲ್ಲಿ ನಾವು ಆ ಎರಡನೆಯ ಅಂಶವನ್ನು ಬಿಟ್ಟು ಕಲಿಸುತ್ತೇವೆ. ಮೂಲದಲ್ಲಿ ಅದು ಇತ್ತು.

ಇನ್ನು ನಿಕ್ರೋಮ್ ತಂದು ಪ್ರಯೋಗ ಮಾಡಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ 28 ಗೇಜಿನ ನಿಕ್ರೋಮ್ ತಂತಿ ಒಂದು ಮೀಟರಿಗಿಂತ ಒಂದು ಗೇಣು ಹೆಚ್ಚು ಕೇಳಿ. ಅದರ ವ್ಯಾಸ 0.376 ಮಿಲಿಮೀಟರ್, ಅಡ್ಡಕೊಯ್ತದ ವಿಸ್ತೀರ್ಣ 0.111 ಚದರ ಮಿಲಿಮೀಟರ್. ನಿಕ್ರೋಮಿನ ರೋಧಶೀಲತೆ ಸುಮಾರು 1.1 × 10⁻⁶ ಓಮ್ ಮೀಟರ್. ಲೆಕ್ಕ ಹಾಕಿದರೆ ಒಂದು ಮೀಟರಿಗೆ 9.9, ಅಂದರೆ 10 ಓಮ್ ಎಂದೇ ಹಿಡಿಯಬಹುದು. ಕೆಲವು ಪಟ್ಟಿಗಳಲ್ಲಿ ನಿಕ್ರೋಮಿಗೆ 100 × 10⁻⁶ ಎಂದು ಅಚ್ಚಾಗಿರುತ್ತದೆ. ಅದು ಸುಮಾರು ತೊಂಬತ್ತು ಪಟ್ಟು ಹೆಚ್ಚು. ಅದನ್ನು ನಂಬಿದರೆ ನಿಮ್ಮ ಒಂದು ಮೀಟರ್ ತಂತಿ ಸುಮಾರು 900 ಓಮ್ ಆಗಬೇಕು, ನಾಲ್ಕು ಸೆಲ್ಲಿಗೆ ಅಮ್ಮೀಟರಿನ ಸೂಜಿ ಒಂದು ಗೆರೆಯೂ ಕದಲಬಾರದು. ಅದು ಎಷ್ಟು ಕದಲುತ್ತದೆ ಎಂದು ನೀವೇ ನೋಡಿ.

ತಂತಿಯನ್ನು ಮರದ ಹಲಗೆಯ ಮೇಲೆ ಎರಡು ಸ್ಕ್ರೂಗಳ ನಡುವೆ ಬಿಗಿದು ಕಟ್ಟಿ, ಸ್ಕ್ರೂನಿಂದ ಸ್ಕ್ರೂವಿಗೆ ಸರಿಯಾಗಿ 100 ಸೆಂಟಿಮೀಟರ್ ಇರಲಿ. ಜಾಗ ಸಾಲದೆ ಪೆನ್ಸಿಲಿಗೆ ಸುತ್ತುವುದಾದರೆ ಸುತ್ತುಗಳು ಒಂದಕ್ಕೊಂದು ತಾಗಬಾರದು. ನಿಕ್ರೋಮಿಗೆ ಮೇಲ್ಪದರವಿಲ್ಲ, ತಾಗಿದರೆ ಪ್ರವಾಹ ಅಡ್ಡದಾರಿ ಹಿಡಿದು ರೋಧ ಕಡಿಮೆ ಬರುತ್ತದೆ. ಸಾಮಾನ್ಯ ಬೆಸುಗೆ ನಿಕ್ರೋಮಿಗೆ ಹಿಡಿಯುವುದಿಲ್ಲ, ಸ್ಕ್ರೂ ಅಥವಾ ಮೊಸಳೆ ಕ್ಲಿಪ್ಪೇ ಗತಿ. ಸೆಲ್ಲಿನ ಧನ ತುದಿಯಿಂದ ಪ್ಲಗ್ ಕೀ, ಅಲ್ಲಿಂದ ಅಮ್ಮೀಟರಿನ ಧನ ಗುಬುಟು, ಅದರ ಋಣದಿಂದ ತಂತಿ, ತಂತಿಯಿಂದ ಸೆಲ್ಲಿನ ಋಣ ತುದಿ: ಈ ಸುತ್ತನ್ನು ಮೊದಲು ಪೂರ್ತಿ ಮಾಡಿ. ವೋಲ್ಟ್‌ಮೀಟರನ್ನು ಕೊನೆಗೆ, ತಂತಿಯ ಎರಡು ಸ್ಕ್ರೂಗಳಿಗೆ ಹೊರಗಿನಿಂದ ಸೇರಿಸಿ. ಈ ಕ್ರಮ ಹಿಡಿದರೆ ಯಾವ ಮೀಟರ್ ಸರಣಿ, ಯಾವುದು ಸಮಾಂತರ ಎಂಬ ಗೊಂದಲವೇ ಬರುವುದಿಲ್ಲ.

ನಿಮ್ಮ ಅದೇ ಸೆಲ್ಲುಗಳಾದರೆ ಏನು ಬರಬೇಕು ಎಂದು ಮೊದಲೇ ಹೇಳಬಹುದು: 1.4 ವೋಲ್ಟಿಗೆ 0.14, 2.6ಕ್ಕೆ 0.26, 3.6ಕ್ಕೆ 0.36, 4.5ಕ್ಕೆ 0.45 ಆಂಪಿಯರ್. ನಾಲ್ಕು ಸೆಲ್ ಇದ್ದೂ ಈ ಸಲ 5.1 ಕೂಡ ಬರುವುದಿಲ್ಲ. ಬಲ್ಬಿಗಿಂತ ಈ ತಂತಿ ಹೆಚ್ಚು ಪ್ರವಾಹ ಎಳೆಯುತ್ತದೆ, ಒಳನಷ್ಟವೂ ಹೆಚ್ಚುತ್ತದೆ. ಆದರೆ ಭಾಗಿಸಿದರೆ ಎಲ್ಲದಕ್ಕೂ 10. ಸೆಲ್ಲಿನೊಳಗೆ ಎಷ್ಟು ನಷ್ಟವಾದರೂ ಓಮನ ನಿಯಮಕ್ಕೆ ಅದು ಸಂಬಂಧಿಸಿದ್ದಲ್ಲ, ತಂತಿಯ ತುದಿಗಳಲ್ಲಿ ಅಳೆದದ್ದಷ್ಟೇ ಲೆಕ್ಕ. ನಿಕ್ರೋಮೂ ಕಾಯುತ್ತದೆ, ಆದರೆ ನೂರು ಡಿಗ್ರಿ ಏರಿದರೂ ಅದರ ರೋಧ ಶೇಕಡಾ 2ರಷ್ಟು ಮಾತ್ರ ಬದಲಾಗುತ್ತದೆ, ನಿಮ್ಮ ಮೀಟರಿಗೆ ಅದು ಕಾಣದು. ಆದರೂ ಕೀಯನ್ನು ಓದುವಷ್ಟು ಹೊತ್ತು ಮಾತ್ರ ಹಾಕಿ, ಐದಾರು ಸೆಕೆಂಡು ಸಾಕು. ತಂತಿಗಿಂತ ಸೆಲ್ಲಿಗೆ ಅದು ಒಳ್ಳೆಯದು. ಹೊತ್ತು ಹೋದಂತೆ ಸೆಲ್ ಸೊರಗಿ ಸೂಜಿ ಮೆಲ್ಲಗೆ ಜಾರುತ್ತದೆ. ಒಬ್ಬರು ಅಮ್ಮೀಟರ್, ಒಬ್ಬರು ವೋಲ್ಟ್‌ಮೀಟರ್ ನೋಡಿ ಒಂದೇ ಕ್ಷಣದಲ್ಲಿ ಓದಿ.

ಕೆಡುವ ಕಡೆಗಳು ಕೆಲವೇ. ಬಲ್ಬ್ ಉರಿಯುತ್ತಿಲ್ಲ, ಅಮ್ಮೀಟರ್ ಸೊನ್ನೆ, ವೋಲ್ಟ್‌ಮೀಟರ್ ಮಾತ್ರ ಪೂರ್ತಿ 6 ತೋರಿಸುತ್ತಿದೆ ಎಂದರೆ ವೋಲ್ಟ್‌ಮೀಟರನ್ನು ಸರಣಿಯಲ್ಲಿ ಸೇರಿಸಿದ್ದೀರಿ, ಇಲ್ಲವೇ ಬಲ್ಬ್ ಸುಟ್ಟಿದೆ. ಸೂಜಿ ಎಡಕ್ಕೆ ಒದ್ದುಕೊಂಡರೆ ಧನ ಋಣ ಅದಲುಬದಲು. ಎರಡು ಸೆಲ್ ಹಾಕಿದರೂ ಸೊನ್ನೆ ಬಂದರೆ ಒಂದು ಸೆಲ್ ತಲೆಕೆಳಗಾಗಿದೆ. ಅತಿ ದುಬಾರಿಯ ತಪ್ಪು ಅಮ್ಮೀಟರನ್ನು ನೇರವಾಗಿ ಸೆಲ್ಲಿನ ಎರಡು ತುದಿಗೆ ಹಿಡಿಯುವುದು. ಅದರ ರೋಧ ತೀರ ಕಡಿಮೆ, ಹರಿಯುವ ಪ್ರವಾಹಕ್ಕೆ ಒಳಗಿನ ಸುರುಳಿ ಸುಟ್ಟುಹೋಗಬಹುದು. ನಿಕ್ರೋಮ್ ಸಿಗದೆ ಅದೇ ದಪ್ಪದ ತಾಮ್ರ ಹಾಕಿದರೂ ಹೆಚ್ಚುಕಡಿಮೆ ಅದೇ ಗತಿ: ಒಂದು ಮೀಟರಿಗೆ 0.15 ಓಮ್ ಅಷ್ಟೆ. ತಂತಿಯನ್ನು ಅರ್ಧ ಮೀಟರಿಗೆ ಕತ್ತರಿಸಿದರೆ ನಾಲ್ಕು ಸೆಲ್ಲಿಗೆ 0.7 ಆಂಪಿಯರ್ ದಾಟುತ್ತದೆ. 500 ಮಿಲಿಆಂಪಿಯರಿನ ಅಮ್ಮೀಟರಿಗೆ ಅದು ಹೆಚ್ಚಾಯಿತು.

ಗ್ರಾಫಿನಲ್ಲಿ ಅಡ್ಡ ಅಕ್ಷಕ್ಕೆ ವಿಭವಾಂತರ, ಲಂಬಕ್ಕೆ ಪ್ರವಾಹ ತೆಗೆದುಕೊಂಡರೆ ಗೆರೆಯ ಓಟ (ಇಳಿಜಾರು) ರೋಧದ ವಿಲೋಮ, 0.1 ಬರುತ್ತದೆ. ತಿರುಗಿಸಿ ಹಾಕಿದರೆ ಓಟವೇ 10. ಎರಡೂ ಸರಿ, ಯಾವ ಅಕ್ಷದಲ್ಲಿ ಏನಿದೆ ಎಂದು ಮರೆತು ಉತ್ತರ ಬರೆಯುವುದು ತಪ್ಪು. ಬಿಂದುಗಳನ್ನು ಕಡ್ಡಿ ಜೋಡಿಸಿದಂತೆ ಒಂದರಿಂದೊಂದಕ್ಕೆ ಎಳೆಯಬೇಡಿ. ಎಲ್ಲದರ ನಡುವೆ ಹಾಯುವ ಒಂದೇ ಗೆರೆ ಎಳೆಯಿರಿ. ಗೆರೆ ಮೂಲಬಿಂದುವನ್ನು ಮುಟ್ಟದೆ ಸ್ವಲ್ಪ ಪಕ್ಕಕ್ಕೆ ಹೋದರೆ ಬಲವಂತವಾಗಿ ಎಳೆದು ತರಬೇಡಿ, ಕೀ ತೆಗೆದಾಗ ಸೂಜಿ ಸೊನ್ನೆಯಲ್ಲಿ ನಿಲ್ಲುತ್ತದೆಯೇ ನೋಡಿ. ಅದು ಮೀಟರಿನ ಶೂನ್ಯ ದೋಷ; ಅಷ್ಟನ್ನು ಎಲ್ಲ ರೀಡಿಂಗಿನಿಂದ ಕಳೆಯಬೇಕು.

ಪರೀಕ್ಷೆಯ ಲೆಕ್ಕಗಳಲ್ಲಿ ಆಂತರಿಕ ರೋಧ ಕೊಟ್ಟಿಲ್ಲದಿದ್ದರೆ ಸೊನ್ನೆ ಎಂದೇ ಹಿಡಿಯಿರಿ, 1.5ರ ನಾಲ್ಕು ಸೆಲ್ ಅಲ್ಲಿ 6 ವೋಲ್ಟೇ. ಪ್ರಯೋಗದ ರೆಕಾರ್ಡಿನಲ್ಲಿ ಮಾತ್ರ ಕಂಡದ್ದನ್ನು ಬರೆಯಿರಿ. ಬಲ್ಬಿನ ಪಟ್ಟಿಯನ್ನು ಹರಿದು ಹಾಕದೆ ನಿಕ್ರೋಮಿನ ಗ್ರಾಫ್ ಎಳೆದ ಕಾಗದದ ಮೇಲೆಯೇ ಬೇರೆ ಬಣ್ಣದಲ್ಲಿ ಗುರುತಿಸಿ. 1.4 ವೋಲ್ಟಿನಲ್ಲಿ ಎರಡರ ಬಿಂದುವೂ ಒಂದರ ಮೇಲೊಂದು ಕೂರುತ್ತದೆ; ಒಂದೇ ಸೆಲ್ಲಿಗೆ ಪ್ರಯೋಗ ನಿಲ್ಲಿಸಿದ್ದರೆ ಬಲ್ಬಿಗೂ ತಂತಿಗೂ ವ್ಯತ್ಯಾಸವೇ ಇಲ್ಲ ಎನ್ನಬೇಕಾಗುತ್ತಿತ್ತು. ಪ್ರವಾಹವನ್ನು ಲಂಬ ಅಕ್ಷಕ್ಕೆ ಹಾಕಿದ್ದರೆ ಎರಡನೆಯ ಸೆಲ್ಲಿನಿಂದ ಬಲ್ಬಿನ ಗೆರೆ ತಂತಿಯ ಗೆರೆಯ ಕೆಳಕ್ಕೆ ಬಾಗಲು ಶುರುಮಾಡುತ್ತದೆ.